ದುಡ್ಡಿದೆ, ಶೆಲ್ ಇಲ್ಲ: ಅಮೆರಿಕ ದೊಡ್ಡ ಯುದ್ಧಕ್ಕೆ ಸಿದ್ಧವಿದೆಯೇ?

ಪ್ರಶ್ನೆ: ಅಮೆರಿಕದ ರಕ್ಷಣಾ ಬಜೆಟ್ಟು ಈಗ ಹೆಚ್ಚು ಕಡಿಮೆ ಒಂದು ಲಕ್ಷ ಕೋಟಿ ಡಾಲರ್. ಆದರೂ ಅವರ ಬಳಿ ಫಿರಂಗಿ ಶೆಲ್ ಸಾಲದು, ಕ್ಷಿಪಣಿ ಖಾಲಿಯಾಗುತ್ತಿದೆ, ಹಡಗು ಕಟ್ಟಲು ಆಗುತ್ತಿಲ್ಲ ಎಂದು ಉಕ್ರೇನ್ ಯುದ್ಧ ಶುರುವಾದಾಗಿನಿಂದ ಓದುತ್ತಲೇ ಇದ್ದೇನೆ. ಇದು ನಿಜವೇ, ಇಲ್ಲ ಇನ್ನಷ್ಟು ದುಡ್ಡು ಕೇಳಲು ಆಡುವ ನಾಟಕವೇ? ಎರಡನೇ ಮಹಾಯುದ್ಧದಲ್ಲಿ ಕಾರಿನ ಕಂಪನಿಗಳಿಂದ ಬಾಂಬರ್ ಮಾಡಿಸಿದ ದೇಶ ಈಗ ಅದನ್ನೇ ಯಾಕೆ ಮಾಡಲಾರದು? ನಮಗೆ ಇದರಿಂದ ಏನಾದರೂ ಆಗಬೇಕಾದ್ದಿದೆಯೇ?

ಉತ್ತರ: ಕೊರತೆ ನಿಜ. ನಾಟಕವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೋಗಿ ಹೊಡೆದು ಬರುವ ಶಕ್ತಿ ಬೇರೆ, ತಿಂಗಳುಗಟ್ಟಲೆ ಹೊಡೆಯುತ್ತಲೇ ಇರುವ ಶಕ್ತಿ ಬೇರೆ. ಮೊದಲನೆಯದರಲ್ಲಿ ಅಮೆರಿಕಕ್ಕೆ ಸಾಟಿಯೇ ಇಲ್ಲ. 2025ರ ಜೂನ್‌ನಲ್ಲಿ ಏಳು ಬಿ-2 ವಿಮಾನಗಳು ಮಿಸೌರಿಯಿಂದ ಹಾರಿ, ಇರಾನಿನ ಪರಮಾಣು ನೆಲೆಗಳ ಮೇಲೆ 14 ಭಾರೀ ಬಾಂಬ್ ಹಾಕಿ, ಒಂದು ಗೀರೂ ಬೀಳದೆ ವಾಪಸಾದವು. ಅಂಥ ಕೆಲಸ ಬೇರೆ ಯಾರಿಂದಲೂ ಆಗದು. ಆದರೆ ಅದೇ ಬಿ-2 ವಿಮಾನವನ್ನು ಮೊದಲು 132 ಮಾಡಬೇಕೆಂದು ಹೊರಟವರು 21ಕ್ಕೇ ನಿಲ್ಲಿಸಿದರು. ಉತ್ಪಾದನಾ ಸಾಲು ಮುಚ್ಚಿ ದಶಕಗಳೇ ಕಳೆದಿವೆ. ಒಂದು ಹೋದರೆ ಒಂದು ಹೋದಂತೆಯೇ, ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ದೊಡ್ಡ ಯುದ್ಧದಲ್ಲಿ ಎಣಿಕೆಗೆ ಬರುವುದು ಮೊದಲ ದಿನ ಉಗ್ರಾಣದಲ್ಲಿ ಏನಿತ್ತು ಎನ್ನುವುದಷ್ಟೇ ಅಲ್ಲ, ನಲವತ್ತನೇ ದಿನ ಕಾರ್ಖಾನೆಯಿಂದ ಏನು ಬರುತ್ತಿದೆ ಎನ್ನುವುದು ಕೂಡ. ಅಮೆರಿಕ ಸೋತಿರುವುದು ಅಲ್ಲಿ.

ಇದು ಉಕ್ರೇನಿನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. 2022ರ ಫೆಬ್ರುವರಿಗೆ ಮುಂಚೆ ಅಮೆರಿಕ ತಿಂಗಳಿಗೆ ಮಾಡುತ್ತಿದ್ದ 155 ಎಂಎಂ ಫಿರಂಗಿ ಶೆಲ್‌ಗಳು ಸುಮಾರು 14,000. 2023ರ ಬೇಸಿಗೆಯಲ್ಲಿ ಉಕ್ರೇನಿನ ಪಡೆಗಳು ದಿನಕ್ಕೆ ಆರೇಳು ಸಾವಿರ ಹಾರಿಸುತ್ತಿದ್ದವು. ಎಂದರೆ ಅಮೆರಿಕದ ಒಂದು ತಿಂಗಳ ಮಾಲು ಎರಡು ಮೂರು ದಿನಕ್ಕೆ ಮುಗಿಯುತ್ತಿತ್ತು. ಹಳೆಯ ದಾಸ್ತಾನಿನಿಂದ ತೆಗೆದು ತೆಗೆದು ಅಮೆರಿಕ ಒಟ್ಟು 30 ಲಕ್ಷಕ್ಕೂ ಹೆಚ್ಚು ಶೆಲ್ ಕೊಟ್ಟಿತು. ತಿಂಗಳಿಗೆ ಒಂದು ಲಕ್ಷ ಮಾಡುತ್ತೇವೆ, 2025ರ ಅಕ್ಟೋಬರ್ ಹೊತ್ತಿಗೆ ಮುಟ್ಟುತ್ತೇವೆ ಎಂದು ಸೇನೆ ಹೇಳಿತ್ತು. ಆ ಗಡುವಿನ ವರ್ಷದಲ್ಲಿ ಆಗುತ್ತಿದ್ದುದು 40,000ದ ಆಸುಪಾಸು. ಅತ್ತ ರಷ್ಯಾ ವರ್ಷಕ್ಕೆ 30 ಲಕ್ಷ ಶೆಲ್ ಮಾಡುತ್ತಿದೆ ಎಂಬುದು 2024ರಲ್ಲಿ ನ್ಯಾಟೊ ಅಧಿಕಾರಿಗಳ ಅಂದಾಜು.

ದುಡ್ಡು ಸುರಿದರೂ ಮೂರು ವರ್ಷದಲ್ಲಿ ಮೂರು ಪಟ್ಟಿಗಿಂತ ಹೆಚ್ಚಾಗಲಿಲ್ಲ ಯಾಕೆ? ಒಂದು ಶೆಲ್ಲಿನ ಬೆನ್ನು ಹತ್ತಿ ಹೋದರೆ ತಿಳಿಯುತ್ತದೆ.

ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಊರಿನಲ್ಲಿ ಇಟ್ಟಿಗೆಯ ಹಳೇ ಶೆಡ್ಡುಗಳ ಸಾಲೊಂದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉಗಿ ರೈಲಿನ ಎಂಜಿನ್ ರಿಪೇರಿಗೆಂದು ಕಟ್ಟಿದ್ದು. ಕೊರಿಯಾ ಯುದ್ಧದ ಕಾಲದಲ್ಲಿ ಸೇನೆ ಅದನ್ನು ಶೆಲ್ ಕಾರ್ಖಾನೆ ಮಾಡಿಕೊಂಡಿತು. ಈಗ ನಡೆಸುತ್ತಿರುವುದು ಜನರಲ್ ಡೈನಮಿಕ್ಸ್ ಕಂಪನಿ. ಉದ್ದನೆಯ ಉಕ್ಕಿನ ಸರಳು ಬರುತ್ತದೆ, ಅದನ್ನು ತುಂಡು ಮಾಡುತ್ತಾರೆ. ತುಂಡು ಕುಲುಮೆಯಲ್ಲಿ 1,100 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದು ಕೆಂಡವಾದ ಮೇಲೆ ಪ್ರೆಸ್ಸಿನ ಕೆಳಗೆ ಹೋಗುತ್ತದೆ; ಒಂದು ಪ್ರೆಸ್ಸು ತೂತು ಕೊರೆದರೆ ಇನ್ನೊಂದು ಉದ್ದಕ್ಕೆ ಎಳೆಯುತ್ತದೆ. ತಣ್ಣಗಾದ ಮೇಲೆ ಲೇತ್. ಆಮೇಲೆ ಬಾಯಿಯ ಕಡೆಯನ್ನಷ್ಟೇ ಮತ್ತೆ ಕಾಯಿಸಿ ಒತ್ತಿ ಮೂತಿ ಚೂಪು ಮಾಡುತ್ತಾರೆ. ಕೊನೆಗೆ ಅಳತೆ, ತಪಾಸಣೆ, ಬಣ್ಣ. ಇಷ್ಟಾದರೂ ಅದಿನ್ನೂ ಖಾಲಿ ಕೊಡ. ಲಾರಿ ಹತ್ತಿ ಅಯೋವಾ ರಾಜ್ಯದ ಮಿಡಲ್‌ಟೌನ್‌ಗೆ ಹೋಗಬೇಕು. ಅಲ್ಲಿ ಸ್ಫೋಟಕವನ್ನು ಕರಗಿಸಿ ಒಳಗೆ ಹೊಯ್ದು, ಗಾಳಿಗುಳ್ಳೆ ಉಳಿಯದಂತೆ ನಿಧಾನಕ್ಕೆ ಆರಿಸಿ, ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೆ ಬಿರುಕೋ ಗುಳ್ಳೆಯೋ ಇದ್ದರೆ ಅದು ಫಿರಂಗಿಯ ಕೊಳವೆಯಲ್ಲೇ ಸಿಡಿದು ನಮ್ಮವರನ್ನೇ ಕೊಲ್ಲಬಹುದು. ಹಾಗಾಗಿ ಈ ಹಂತವನ್ನು ಅವಸರ ಮಾಡಲಾಗದು. ತುಂಬಿದ ಶೆಲ್ಲಿನ ತೂಕ ಸುಮಾರು 47 ಕಿಲೊ, ಅದರಲ್ಲಿ ಸ್ಫೋಟಕ 11 ಕಿಲೊಗಿಂತ ತುಸು ಕಡಿಮೆ.

ಆ ಹನ್ನೊಂದು ಕಿಲೊ ಎಲ್ಲಿಂದ ಬರಬೇಕು? ಟಿಎನ್‌ಟಿ ಎಂಬ ಆ ಸ್ಫೋಟಕ ಮಾಡುವುದನ್ನು ಅಮೆರಿಕ 1980ರ ದಶಕದಲ್ಲೇ ನಿಲ್ಲಿಸಿತ್ತು. ಅದರ ತಯಾರಿಕೆಯಲ್ಲಿ ಹೊರಬೀಳುವ ಕೆಂಪು ನೀರು ವಿಷ, ವಿಲೇವಾರಿ ದುಬಾರಿ, ಹೊರಗಿನಿಂದ ತಂದರೆ ಅಗ್ಗ. ಹೀಗೆ ಜಗತ್ತಿನಲ್ಲೇ ಅತಿ ಹೆಚ್ಚು ಖರ್ಚು ಮಾಡುವ ಸೇನೆ ತನ್ನ ಶೆಲ್ಲಿಗೆ ಬೇಕಾದ ಮದ್ದಿಗೆ ಪೋಲೆಂಡಿನ ಒಂದು ಕಾರ್ಖಾನೆಯ ಕಡೆ ಮುಖ ಮಾಡಿ ನಿಂತಿತು. 2024ರ ನವೆಂಬರ್‌ನಲ್ಲಿ ಕೆಂಟಕಿ ರಾಜ್ಯದ ಗ್ರಹಾಮ್ ಎಂಬಲ್ಲಿ ಹೊಸ ಟಿಎನ್‌ಟಿ ಕಾರ್ಖಾನೆ ಕಟ್ಟಲು 43.5 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಿದ್ದಾರೆ. ಗುತ್ತಿಗೆ ಸಿಕ್ಕಿದ್ದು ರೆಪ್ಕಾನ್ ಎಂಬ ಟರ್ಕಿ ಮೂಲದ ಕಂಪನಿಯ ಅಮೆರಿಕ ಶಾಖೆಗೆ. ಶೆಲ್ಲಿನ ಕವಚ ಮಾಡಲು ಟೆಕ್ಸಾಸ್‌ನ ಮೆಸ್ಕೀಟ್‌ನಲ್ಲಿ 2024ರಲ್ಲಿ ತೆರೆದ ಹೊಸ ಕಾರ್ಖಾನೆಯ ಯಂತ್ರಗಳೂ ಟರ್ಕಿಯವೇ. ಇನ್ನು ಕರಿಮದ್ದು. ಅದೇ ನಮ್ಮ ಪಟಾಕಿಯ ಕರಿಮದ್ದು. ಫಿರಂಗಿಯ ಮದ್ದಿಗೆ ಮೊದಲ ಕಿಡಿ ಹಚ್ಚಲು ಈಗಲೂ ಬೇಕು. ಅದನ್ನು ಮಾಡುವ ಒಂದೇ ಒಂದು ಘಟಕ ಲೂಯಿಸಿಯಾನದ ಮಿಂಡೆನ್‌ನಲ್ಲಿತ್ತು. 2021ರಲ್ಲಿ ಅಲ್ಲಿ ಸ್ಫೋಟವಾಗಿ ಬಹಳ ಕಾಲ ಬಾಗಿಲು ಹಾಕಿತ್ತು. ಬಜೆಟ್ಟಿನ ಪುಸ್ತಕದಲ್ಲಿ ಎಂಟನೂರು ಪುಟ ಹುಡುಕಿದರೂ ಕರಿಮದ್ದಿನ ಹೆಸರು ಕಾಣುವುದು ಕಷ್ಟ. ಆದರೆ ಅದಿಲ್ಲದೆ ಫಿರಂಗಿ ಹಾರದು.

ಸಾಮಾನ್ಯವಾಗಿ ಇದಕ್ಕೆಲ್ಲ 1993ರ ಒಂದು ರಾತ್ರಿಯೂಟವನ್ನು ಕಾರಣವಾಗಿ ತೋರಿಸುತ್ತಾರೆ. ಶೀತಲ ಸಮರ ಮುಗಿದಿತ್ತು. ರಕ್ಷಣಾ ಕಾರ್ಯದರ್ಶಿ ಲೆಸ್ ಆಸ್ಪಿನ್ ಮತ್ತು ಉಪಕಾರ್ಯದರ್ಶಿ ವಿಲಿಯಂ ಪೆರಿ ದೊಡ್ಡ ಕಂಪನಿಗಳ ಮುಖ್ಯಸ್ಥರನ್ನು ರಕ್ಷಣಾ ಇಲಾಖೆಯ ಕೇಂದ್ರ ಕಚೇರಿಯಾದ ಪೆಂಟಗನ್ನಿಗೆ ಊಟಕ್ಕೆ ಕರೆದು, ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಇನ್ನು ಮುಂದೆ ಕೆಲಸವಿಲ್ಲ, ಒಬ್ಬರಲ್ಲೊಬ್ಬರು ಸೇರಿಕೊಳ್ಳಿ ಎಂದು ಹೇಳಿದರು. ಊಟಕ್ಕೆ ಹೋಗಿದ್ದ ನಾರ್ಮನ್ ಆಗಸ್ಟೀನ್ ಅದಕ್ಕೆ ‘ಕಡೆಯ ಭೋಜನ’ ಎಂದು ಹೆಸರಿಟ್ಟರು. ನಾರ್ತ್‌ರಪ್ ಗ್ರಮ್ಮನ್ನನ್ನು ಕೊಂಡಿತು, ಲಾಕ್‌ಹೀಡ್ ಮಾರ್ಟಿನ್ ಮರಿಯೆಟ್ಟಾ ಜೊತೆ ಒಂದಾಯಿತು, ಬೋಯಿಂಗ್ ಮ್ಯಾಕ್‌ಡೊನೆಲ್ ಡಗ್ಲಸ್ಸನ್ನು ನುಂಗಿತು. ಪೆಂಟಗನ್ನೇ 2022ರಲ್ಲಿ ಕೊಟ್ಟ ಲೆಕ್ಕದಂತೆ 51 ಮುಖ್ಯ ಗುತ್ತಿಗೆದಾರರು ಇದ್ದಲ್ಲಿ ಐದು ಉಳಿದರು. ಕ್ಷಿಪಣಿ ಮಾಡುವವರು 13ರಿಂದ ಮೂರಕ್ಕಿಳಿದರು. ಘನ ಇಂಧನದ ರಾಕೆಟ್ ಮೋಟರು ಮಾಡುವವರು ಎರಡೇ ಆದರು.

ಈ ಕತೆ ಸುಳ್ಳಲ್ಲ, ಆದರೆ ನನ್ನ ಲೆಕ್ಕದಲ್ಲಿ ಇದು ಅರ್ಧ ಮಾತ್ರ. ದೊಡ್ಡ ತಪ್ಪು ಮಾರುವವರದಲ್ಲ, ಕೊಳ್ಳುವವರದು. ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಯಾರನ್ನಾದರೂ ಕೇಳಿ. ಈ ವರ್ಷ ಐನೂರು ಪೀಸು, ಮುಂದಿನ ವರ್ಷ ನೂರು, ಆಚೆ ವರ್ಷ ನೋಡೋಣ ಎನ್ನುವ ಗಿರಾಕಿಯನ್ನು ನಂಬಿ ಮೂರನೇ ಯಂತ್ರಕ್ಕೆ ಅವರು ಸಾಲ ಮಾಡುವುದಿಲ್ಲ. ಪೆಂಟಗನ್ ಮೂವತ್ತು ವರ್ಷ ಅಂಥ ಗಿರಾಕಿಯಾಗಿತ್ತು. ಬಜೆಟ್ಟಿನಲ್ಲಿ ಎಲ್ಲಿ ಕತ್ತರಿ ಹಾಕಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಕೈ ಹೋಗುತ್ತಿದ್ದುದು ಮದ್ದುಗುಂಡಿನ ಮೇಲೆ. ಒಂದು ವಿಮಾನವಾಹಕ ಹಡಗಿನ ಮೇಲೆ ಕೈಯಿಟ್ಟರೆ ಇಪ್ಪತ್ತು ಸಂಸದರು ಎದ್ದು ನಿಲ್ಲುತ್ತಾರೆ. ನೂರು ಕ್ಷಿಪಣಿ ಕಡಿಮೆ ಮಾಡಿದರೆ ಯಾರೂ ಏಳುವುದಿಲ್ಲ. ಉತ್ಪಾದನಾ ಸಾಲು ಸಾಯದಷ್ಟು, ಆದರೆ ಬೆಳೆಯದಷ್ಟು ಆರ್ಡರು ಕೊಡುತ್ತಾ ಹೋದರು.

ಅದರ ಮೇಲೆ ಬಜೆಟ್ಟಿನ ಸಮಸ್ಯೆ. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಸಂಸತ್ತು ಬಹುತೇಕ ಪ್ರತಿ ವರ್ಷ ಆ ದಿನಕ್ಕೆ ಬಜೆಟ್ ಪಾಸು ಮಾಡಿರುವುದಿಲ್ಲ. ತಾತ್ಕಾಲಿಕ ಲೇಖಾನುದಾನದ ಮೇಲೆ ತಿಂಗಳುಗಳು ಉರುಳುತ್ತವೆ. ಆ ಅವಧಿಯಲ್ಲಿ ಹೊಸ ಯೋಜನೆ ಶುರು ಮಾಡುವಂತಿಲ್ಲ, ಉತ್ಪಾದನೆಯ ಪ್ರಮಾಣ ಏರಿಸುವಂತಿಲ್ಲ. ದುಡ್ಡಿದ್ದೂ ಬಳಸಲಾಗದ ಸ್ಥಿತಿ.

ಇದರ ಫಲ ಏನೆಂಬುದಕ್ಕೆ ಸ್ಟಿಂಗರ್ ಕ್ಷಿಪಣಿ ಒಳ್ಳೆಯ ಉದಾಹರಣೆ. ಹೆಗಲ ಮೇಲಿಟ್ಟು ಹಾರಿಸುವ ಈ ವಿಮಾನ ನಿರೋಧಕ ಕ್ಷಿಪಣಿಯನ್ನು ಪೆಂಟಗನ್ 18 ವರ್ಷಗಳಿಂದ ಕೊಂಡೇ ಇರಲಿಲ್ಲ ಎಂದು 2022ರಲ್ಲಿ ಅದನ್ನು ಮಾಡುವ ರೇಥಿಯಾನ್ ಕಂಪನಿಯ ಮುಖ್ಯಸ್ಥ ಗ್ರೆಗ್ ಹೇಯ್ಸ್ ಹೇಳಿದರು. ಉಕ್ರೇನ್ ಹತ್ತು ತಿಂಗಳಲ್ಲಿ ಹದಿಮೂರು ವರ್ಷದ ಉತ್ಪಾದನೆಯಷ್ಟು ಸ್ಟಿಂಗರ್ ಮುಗಿಸಿತು. ಮತ್ತೆ ಮಾಡಲು ಹೊರಟರೆ ಒಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳು ಮಾರುಕಟ್ಟೆಯಲ್ಲೇ ಇಲ್ಲ. ಹಾಗಾಗಿ ವಿನ್ಯಾಸವನ್ನೇ ತಿದ್ದಬೇಕಾಯಿತು. ಮಾಡುವುದು ಹೇಗೆಂದು ಬಲ್ಲವರೆಲ್ಲ ನಿವೃತ್ತರಾಗಿದ್ದರು. ಎಪ್ಪತ್ತು ದಾಟಿದ ಎಂಜಿನಿಯರುಗಳನ್ನು ಮನೆಯಿಂದ ಕರೆಸಿ ಹುಡುಗರಿಗೆ ಪಾಠ ಹೇಳಿಸಿದರು. ಹಳೆಯ ಕಾಗದದ ನಕಾಶೆ ತೆಗೆದು, ಪರೀಕ್ಷಾ ಯಂತ್ರಗಳ ಧೂಳು ಒರೆಸಿ ಕೆಲಸ ಶುರುವಾಯಿತು. ಟೆಂಡರು ಕರೆದು ಈ ಅನುಭವವನ್ನು ಕೊಳ್ಳಲು ಬರುವುದಿಲ್ಲ.

ಕ್ಷಿಪಣಿ ತಡೆಯುವ ಕ್ಷಿಪಣಿಗಳ ಪರಿಸ್ಥಿತಿ ಇನ್ನೂ ಬಿಗಿ. ಪೇಟ್ರಿಯಾಟ್ ವ್ಯವಸ್ಥೆಯ ಪಿಎಸಿ-3 ಎಂಎಸ್‌ಇ ಒಂದಕ್ಕೆ ಸುಮಾರು 40 ಲಕ್ಷ ಡಾಲರ್. 2025ರಲ್ಲಿ ಇಡೀ ವರ್ಷಕ್ಕೆ ತಯಾರಾದದ್ದು ಆರುನೂರರ ಆಸುಪಾಸು. ಅಷ್ಟನ್ನು ಅಮೆರಿಕ, ಉಕ್ರೇನ್, ಕೊಲ್ಲಿ ದೇಶಗಳು, ಜಪಾನ್, ಜರ್ಮನಿ ಎಲ್ಲರೂ ಹಂಚಿಕೊಳ್ಳಬೇಕು. ಕೆಂಪು ಸಮುದ್ರದಲ್ಲಿ ಹೂಥಿಗಳ ಡ್ರೋನ್ ಮತ್ತು ಕ್ಷಿಪಣಿ ಹೊಡೆದುರುಳಿಸಲು ನೌಕಾಪಡೆ 2024ರ ಏಪ್ರಿಲ್ ಹೊತ್ತಿಗೇ ಸುಮಾರು 100 ಕೋಟಿ ಡಾಲರಿನ ಮದ್ದುಗುಂಡು ಖರ್ಚು ಮಾಡಿತ್ತು ಎಂದು ಆಗಿನ ನೌಕಾ ಕಾರ್ಯದರ್ಶಿಯೇ ಸಂಸತ್ತಿಗೆ ತಿಳಿಸಿದರು. 2025ರ ಜೂನ್‌ನ ಹನ್ನೆರಡು ದಿನದ ಇಸ್ರೇಲ್-ಇರಾನ್ ಯುದ್ಧದಲ್ಲಿ ನೂರಕ್ಕೂ ಹೆಚ್ಚು ಥಾಡ್ ಎಂಬ ತಡೆ ಕ್ಷಿಪಣಿಗಳನ್ನು ಅಮೆರಿಕ ಹಾರಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. ಆ ಹಣಕಾಸು ವರ್ಷದಲ್ಲಿ ಸೇನೆ ತನಗೆಂದು ಕೇಳಿದ್ದ ಹೊಸ ಥಾಡ್‌ಗಳು ಹನ್ನೆರಡರ ಆಸುಪಾಸು. ಇರಾನ್ ಇಲ್ಲಿ ಮಧ್ಯಮ ಶಕ್ತಿ ಎಂಬುದನ್ನು ಮರೆಯಬೇಡಿ.

ಚೀನಾ ಎದುರಾದರೆ? ವಾಷಿಂಗ್ಟನ್ನಿನ ಸಿಎಸ್‌ಐಎಸ್ ಎಂಬ ಅಧ್ಯಯನ ಸಂಸ್ಥೆ ತೈವಾನ್ ಮೇಲೆ ಚೀನಾ ದಂಡೆತ್ತಿ ಬಂದರೆ ಏನಾದೀತೆಂದು 24 ಬಾರಿ ಅಣಕು ಯುದ್ಧ ಆಡಿ 2023ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿತು. ಬಹುತೇಕ ಆಟಗಳಲ್ಲಿ ತೈವಾನ್ ಉಳಿಯುತ್ತದೆ. ಆದರೆ ದೂರದಿಂದ ಹಡಗು ಹೊಡೆಯುವ ಅಮೆರಿಕದ ಅತ್ಯುತ್ತಮ ಕ್ಷಿಪಣಿಗಳ ದಾಸ್ತಾನು ಮೊದಲ ವಾರದಲ್ಲೇ ಬರಿದಾಗುತ್ತದೆ. ಎರಡು ವಿಮಾನವಾಹಕ ಹಡಗು ಮುಳುಗುವುದು ಅಲ್ಲಿ ಮಾಮೂಲಿ ಫಲಿತಾಂಶ. ಮೊದಲ ವಾರದ ಮೇಲೆ ಎರಡನೆಯದು, ಮೂರನೆಯದು ಹೇಗೆ ಎಂಬುದಕ್ಕೆ ಯಾರ ಹತ್ತಿರವೂ ಸಮಾಧಾನದ ಉತ್ತರವಿಲ್ಲ.

ಕ್ಷಿಪಣಿಯನ್ನಾದರೂ ಐದಾರು ವರ್ಷದಲ್ಲಿ ಸರಿಪಡಿಸಬಹುದು. ಹಡಗಿನ ಕತೆ ಹಾಗಲ್ಲ, ಅಲ್ಲಿ ಬೇರೇ ಒಣಗಿದೆ.

ಜಗತ್ತಿನಲ್ಲಿ ಪ್ರತಿ ವರ್ಷ ಕಟ್ಟುವ ವಾಣಿಜ್ಯ ಹಡಗುಗಳಲ್ಲಿ, ಟನ್ ಲೆಕ್ಕದಲ್ಲಿ, ಅರ್ಧಕ್ಕಿಂತ ಹೆಚ್ಚು ಚೀನಾದವು. ಅಮೆರಿಕದ ಪಾಲು ಶೇ 0.1ರ ಹತ್ತಿರ. ಚೀನಾದ ಹಡಗುಕಟ್ಟೆಗಳ ಸಾಮರ್ಥ್ಯ ಅಮೆರಿಕದ 232 ಪಟ್ಟು ಎಂಬ ಅಂಕಿ ನೀವು ಓದಿರಬಹುದು. ಅದು ಅಮೆರಿಕದ ನೌಕಾ ಬೇಹುಗಾರಿಕೆ ಕಚೇರಿಯದ್ದೇ. ಆದರೆ ಅದರಲ್ಲಿ ಕಂಟೇನರ್ ಹಡಗು, ತೈಲ ಹಡಗು ಕಟ್ಟುವ ಕಟ್ಟೆಗಳೂ ಸೇರಿವೆ, ಯುದ್ಧನೌಕೆಯ ಅಂತರ ಅಷ್ಟಿಲ್ಲ. ಹಾಗಂತ ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಕಂಟೇನರ್ ಹಡಗು ಕಟ್ಟುವ ವೆಲ್ಡರನೇ ನಾಳೆ ಯುದ್ಧನೌಕೆ ರಿಪೇರಿ ಮಾಡುವವನು. ಅವನನ್ನು ಸಾಕುವ ಖರ್ಚನ್ನು ಚೀನಾದಲ್ಲಿ ಮಾರುಕಟ್ಟೆ ಕೊಡುತ್ತದೆ, ಅಮೆರಿಕದಲ್ಲಿ ನೌಕಾಪಡೆಯೊಂದೇ ಕೊಡಬೇಕು. 1981ರಲ್ಲಿ ರೇಗನ್ ಸರ್ಕಾರ ವಾಣಿಜ್ಯ ಹಡಗು ನಿರ್ಮಾಣಕ್ಕೆ ಕೊಡುತ್ತಿದ್ದ ಸಹಾಯಧನ ನಿಲ್ಲಿಸಿತು. ಮುಂದೆ ಆ ಉದ್ಯಮ ಕೊರಿಯಾ, ಜಪಾನ್, ಚೀನಾಗಳ ಪಾಲಾಯಿತು. ದೇಶದೊಳಗಿನ ಬಂದರುಗಳ ನಡುವಿನ ಸಾಗಣೆಗೆ ಅಮೆರಿಕದಲ್ಲೇ ಕಟ್ಟಿದ ಹಡಗು ಬೇಕೆನ್ನುವ 1920ರ ಜೋನ್ಸ್ ಕಾಯ್ದೆ ಮಾತ್ರ ಉಳಿಯಿತು. ಅದು ಉದ್ಯಮವನ್ನು ಸಾಯಲೂ ಬಿಡಲಿಲ್ಲ, ಬೆಳೆಯಲೂ ಬಿಡಲಿಲ್ಲ. ಶೀತಲ ಸಮರ ಮುಗಿದ ಮೇಲೆ ನೌಕಾಪಡೆಯ ಸ್ವಂತ ಕಟ್ಟೆಗಳಲ್ಲೂ ನಾಲ್ಕು, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್, ಮೇರ್ ಐಲೆಂಡ್, ಲಾಂಗ್ ಬೀಚ್, ಬಾಗಿಲು ಮುಚ್ಚಿದವು. ಉಳಿದವೂ ನಾಲ್ಕೇ.

ಫಲಿತಾಂಶ ಕೇಳಿ. ಯುಎಸ್‌ಎಸ್ ಬೋಯಿಸಿ ಎಂಬ ದಾಳಿ ಜಲಾಂತರ್ಗಾಮಿ 2015ರಲ್ಲಿ ತನ್ನ ಕಡೆಯ ಗಸ್ತು ಮುಗಿಸಿ ಬಂತು. ದೊಡ್ಡ ದುರಸ್ತಿಗೆ ಕಟ್ಟೆಯಲ್ಲಿ ಜಾಗವಿರಲಿಲ್ಲ. 2017ರಲ್ಲಿ ಮುಳುಗುವ ಅರ್ಹತಾ ಪತ್ರವೂ ಹೋಯಿತು. ಮುಳುಗಲಾರದ ಜಲಾಂತರ್ಗಾಮಿ! ಅದರ ದುರಸ್ತಿಗೆ 120 ಕೋಟಿ ಡಾಲರಿನ ಗುತ್ತಿಗೆ ಆದದ್ದು 2024ರ ಫೆಬ್ರುವರಿಯಲ್ಲಿ. ಇನ್ನು ಹೊಸ ವರ್ಜೀನಿಯಾ ದರ್ಜೆಯ ಜಲಾಂತರ್ಗಾಮಿಗಳನ್ನು ವರ್ಷಕ್ಕೆ ಎರಡು ಮಾಡಬೇಕು. ಆಗುತ್ತಿರುವುದು ಸರಾಸರಿ 1.2. ಇದರಲ್ಲೇ ಆಸ್ಟ್ರೇಲಿಯಾಕ್ಕೆ ಮೂರರಿಂದ ಐದು ಕೊಡುವುದಾಗಿಯೂ ಮಾತು ಕೊಟ್ಟಿದ್ದಾರೆ.

ವಿನ್ಯಾಸದ ಹಂತದಲ್ಲೂ ಇದೇ ಪಾಡು. 2020ರಲ್ಲಿ ಕಾನ್‌ಸ್ಟಲೇಷನ್ ದರ್ಜೆಯ ಫ್ರಿಗೇಟ್ ಕಟ್ಟಲು ವಿಸ್ಕಾನ್ಸಿನ್‌ನ ಕಟ್ಟೆಯೊಂದಕ್ಕೆ ಗುತ್ತಿಗೆ ಕೊಟ್ಟರು. ಜಾಣತನ ಏನೆಂದರೆ, ಆಗಲೇ ಇಟಲಿ ಮತ್ತು ಫ್ರಾನ್ಸ್ ನಡೆಸುತ್ತಿದ್ದ ಹಡಗಿನ ನಕ್ಷೆಯನ್ನೇ ತೆಗೆದುಕೊಂಡು ಶೇ 85ರಷ್ಟನ್ನು ಹಾಗೇ ಉಳಿಸಿಕೊಳ್ಳುವುದು. ಆಮೇಲೆ ನೌಕಾಪಡೆಯ ಒಬ್ಬೊಬ್ಬರೂ ಒಂದೊಂದು ಬದಲಾವಣೆ ಕೇಳುತ್ತಾ ಹೋಗಿ ಕೊನೆಗೆ ಉಳಿದ ಸಾಮ್ಯ ಶೇ 15ಕ್ಕಿಂತ ಕಡಿಮೆ. ನಕ್ಷೆ ಪೂರ್ತಿಯಾಗುವ ಮೊದಲೇ ಉಕ್ಕು ಕತ್ತರಿಸಲು ಶುರು ಮಾಡಿದ್ದರು. ಮೂರು ವರ್ಷ ತಡವಾಯಿತು, ತೂಕ ಹೆಚ್ಚಾಯಿತು. 2025ರ ನವೆಂಬರ್‌ನಲ್ಲಿ ಮೊದಲೆರಡನ್ನು ಬಿಟ್ಟು ಉಳಿದದ್ದನ್ನು ರದ್ದು ಮಾಡಿದರು. ಇದಕ್ಕೆ ಚೀನಾ ಕಾರಣವಲ್ಲ, 1993ರ ಊಟವೂ ಕಾರಣವಲ್ಲ.

ಕಟ್ಟೆಗಳಲ್ಲಿ ನಿಜವಾದ ಬರ ವೆಲ್ಡರು, ಪೈಪ್ ಫಿಟ್ಟರು, ಎಲೆಕ್ಟ್ರಿಷಿಯನ್ನುಗಳದ್ದು. ಜಲಾಂತರ್ಗಾಮಿಯ ಒಡಲಿಗೆ ಹಾಕುವ ಬೆಸುಗೆಯನ್ನು ಇಂಚು ಇಂಚಾಗಿ ಪರೀಕ್ಷಿಸುತ್ತಾರೆ. ಆ ಮಟ್ಟಕ್ಕೆ ಒಬ್ಬನನ್ನು ತರಲು ವರ್ಷಗಳು ಬೇಕು. ಚಳಿಯಲ್ಲಿ, ಇಕ್ಕಟ್ಟಿನಲ್ಲಿ ಬೆನ್ನು ಬಗ್ಗಿಸಿ ಮಾಡುವ ಆ ಕೆಲಸದ ಆರಂಭದ ಸಂಬಳ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರಿಗಿಂತ ಅಷ್ಟೇನೂ ಹೆಚ್ಚಿಲ್ಲ. ಸೇರಿದವರಲ್ಲಿ ಅರ್ಧದಷ್ಟು ಮಂದಿ ಮೊದಲ ವರ್ಷದಲ್ಲೇ ಬಿಡುತ್ತಾರೆ. ಮುಂದಿನ ಹತ್ತು ವರ್ಷದಲ್ಲಿ ಜಲಾಂತರ್ಗಾಮಿ ಉದ್ಯಮಕ್ಕೇ ಒಂದು ಲಕ್ಷಕ್ಕೂ ಹೆಚ್ಚು ಹೊಸಬರು ಬೇಕೆಂದು ನೌಕಾಪಡೆ ಊರೂರಿಗೆ ಜಾಹೀರಾತು ಕೊಡುತ್ತಿದೆ.

ಈಗ ನಿಮ್ಮ ಎರಡನೇ ಮಹಾಯುದ್ಧದ ಪ್ರಶ್ನೆ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿತ್ತು, ಮರುದಿನ ಕಾರ್ಖಾನೆಗಳು ತಿರುಗಿದವು ಎನ್ನುವುದು ಜನಪ್ರಿಯ ಕತೆ. ದಿನಾಂಕಗಳು ಬೇರೆ ಹೇಳುತ್ತವೆ. ದಾಳಿಯಾದದ್ದು 1941ರ ಡಿಸೆಂಬರ್. ನೌಕಾಪಡೆಯನ್ನು ಭಾರೀ ಪ್ರಮಾಣದಲ್ಲಿ ಹಿಗ್ಗಿಸುವ ಕಾಯ್ದೆ ಪಾಸಾದದ್ದು 1940ರ ಜುಲೈ. ಬ್ರಿಟನ್ ಮತ್ತು ಫ್ರಾನ್ಸ್ ಅದಕ್ಕೂ ಮೊದಲೇ ಅಮೆರಿಕದ ವಿಮಾನ ಕಂಪನಿಗಳಿಗೆ ಆರ್ಡರು ಕೊಟ್ಟು, ಅವು ಹೊಸ ಶೆಡ್ಡು ಕಟ್ಟಲು ಬೇಕಾದ ಬಂಡವಾಳವನ್ನೂ ಒದಗಿಸಿದ್ದವು. ಫೋರ್ಡ್ ಕಂಪನಿ ಬಿ-24 ಬಾಂಬರ್ ಮಾಡಲು ಮಿಷಿಗನ್ನಿನ ವಿಲ್ಲೋ ರನ್‌ನಲ್ಲಿ ಕಟ್ಟಿದ ಕಾರ್ಖಾನೆಗೆ ಗುದ್ದಲಿಪೂಜೆಯಾದದ್ದು 1941ರ ಏಪ್ರಿಲ್‌ನಲ್ಲಿ, ಗಂಟೆಗೊಂದು ಬಾಂಬರ್ ಹೊರಬರುವ ಹಂತ ಮುಟ್ಟಿದ್ದು 1944ರಲ್ಲಿ. ಜಗತ್ತಿನ ಅತಿ ಪಳಗಿದ ಕಾರು ಕಂಪನಿಗೂ ಮೂರು ವರ್ಷ ಹಿಡಿಯಿತು. ನಡುವೆ ಜನ ಅದನ್ನು ನೋಡಿ ನಗುತ್ತಲೂ ಇದ್ದರು.

ಆಗ ಅವರಿಗಿದ್ದ ಮೂರು ಅನುಕೂಲ ಈಗಿಲ್ಲ. ಮಹಾ ಆರ್ಥಿಕ ಕುಸಿತದಿಂದಾಗಿ 1940ರಲ್ಲೂ ಲಕ್ಷಾಂತರ ಕುಶಲಕರ್ಮಿಗಳು ಕೆಲಸವಿಲ್ಲದೆ ಕೂತಿದ್ದರು, ಯಂತ್ರಗಳೂ ಖಾಲಿ ಕೂತಿದ್ದವು. ಆಗಿನ ಆಯುಧಗಳು ಸರಳ: 2,710 ಲಿಬರ್ಟಿ ಹಡಗುಗಳನ್ನು ಕಟ್ಟಿದ್ದು ತೇಲಿದರೆ ಸಾಕು, ಸರಕು ಹೊತ್ತರೆ ಸಾಕು ಎಂಬ ಅಳತೆಗೆ. ಅಂಥದ್ದೊಂದನ್ನು ಸರಾಸರಿ ಆರು ವಾರದಲ್ಲಿ ಮುಗಿಸುತ್ತಿದ್ದರು. ಇಂದಿನ ಒಂದು ವಿಧ್ವಂಸಕ ನೌಕೆಗೆ ಐದು ವರ್ಷ ಸಾಲದು. ಮೂರನೆಯದು, ಜಗತ್ತಿನ ಕಾರ್ಖಾನೆ ಆಗ ಅಮೆರಿಕವೇ ಆಗಿತ್ತು. ಈಗ ಜಗತ್ತಿನ ತಯಾರಿಕೆಯಲ್ಲಿ ಶೇ 30ರ ಹತ್ತಿರ ಚೀನಾದಲ್ಲಿದೆ, ಅಮೆರಿಕದ ಪಾಲು ಅದರ ಅರ್ಧದ ಸುಮಾರು. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಒಂದು ಕೋಟಿ 95 ಲಕ್ಷ. ಈಗ ಒಂದು ಕೋಟಿ 30 ಲಕ್ಷವೂ ಇಲ್ಲ. 1940ರ ಅಮೆರಿಕದ ಜಾಗದಲ್ಲಿ ಇಂದು ಯಾರಿದ್ದಾರೆ ಎಂದು ಕೇಳಿದರೆ, ಉತ್ತರ ಬೀಜಿಂಗ್.

ಬಿಡಿಭಾಗಕ್ಕೂ ಅವರ ಕಡೆಯೇ ಕೈಚಾಚಬೇಕಾದ ಸ್ಥಿತಿ. 2022ರಲ್ಲಿ ಎಫ್-35 ಯುದ್ಧವಿಮಾನದ ಒಂದು ಪಂಪಿನೊಳಗಿನ ಆಯಸ್ಕಾಂತದ ಲೋಹ ಚೀನಾದ್ದೆಂದು ಗೊತ್ತಾಗಿ ವಿಮಾನಗಳ ಹಸ್ತಾಂತರವನ್ನೇ ಕೆಲವು ವಾರ ನಿಲ್ಲಿಸಿದ್ದರು. 2025ರ ಏಪ್ರಿಲ್‌ನಲ್ಲಿ ಚೀನಾ ಸಮೇರಿಯಂ ಸೇರಿದಂತೆ ಏಳು ವಿರಳ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಕ್ಷಿಪಣಿಯ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದ ಆಯಸ್ಕಾಂತಕ್ಕೆ ಸಮೇರಿಯಂ ಬೇಕೇ ಬೇಕು. ಜುಲೈನಲ್ಲಿ ಪೆಂಟಗನ್ ಗಾಬರಿಯಿಂದ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ನಡೆಸುವ ಕಂಪನಿಯಲ್ಲಿ 40 ಕೋಟಿ ಡಾಲರ್ ಹೂಡಿ ಪಾಲುದಾರನಾಯಿತು.

ನಾಟಕದ ಮಾತಿಗೆ ಬರೋಣ. ಸಾಮರ್ಥ್ಯ ಇಲ್ಲ ಎಂದು ಅತಿ ಜೋರಾಗಿ ಕೂಗುವವರಲ್ಲಿ ಆ ಸಾಮರ್ಥ್ಯ ಬೆಳೆಸದೆ ಲಾಭ ಹಂಚಿಕೊಂಡವರೇ ಹೆಚ್ಚು. 2010ರ ದಶಕದಲ್ಲಿ ರಕ್ಷಣಾ ಕಂಪನಿಗಳು ಡಿವಿಡೆಂಡಿಗೆ ಮತ್ತು ತಮ್ಮದೇ ಷೇರು ಮರಳಿ ಕೊಳ್ಳಲು ಹಾಕಿದ ದುಡ್ಡು ಏರಿತು, ಸಂಶೋಧನೆಗೂ ಯಂತ್ರೋಪಕರಣಕ್ಕೂ ಹಾಕಿದ್ದು ಇಳಿಯಿತು ಎಂದು ಪೆಂಟಗನ್ನಿನದೇ 2023ರ ಅಧ್ಯಯನ ಹೇಳಿತು. ಪೆಂಟಗನ್ ಕೂಡ ಸಾಚಾ ಅಲ್ಲ. 2018ರಿಂದ ನಡೆಯುತ್ತಿರುವ ಪೂರ್ಣ ಲೆಕ್ಕ ಪರಿಶೋಧನೆಯಲ್ಲಿ ಅದು ಒಂದು ಸಲವೂ ಪಾಸಾಗಿಲ್ಲ. ಇಂಥವರು ದುಡ್ಡು ಕೇಳಿದಾಗ ಅನುಮಾನ ಬರುವುದು ಸಹಜ, ಬರಬೇಕು ಕೂಡ. ಆದರೆ 2024ರ ಜುಲೈನಲ್ಲಿ ಮಾಜಿ ಸಂಸದೆ ಜೇನ್ ಹಾರ್ಮನ್ ಅಧ್ಯಕ್ಷತೆಯ, ಎರಡೂ ಪಕ್ಷಗಳ ಕಡೆಯವರಿದ್ದ ಆಯೋಗ ಒಮ್ಮತದಿಂದ ಹೇಳಿದ ಮಾತನ್ನು ಲಾಬಿ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ದೊಡ್ಡ ಯುದ್ಧವೊಂದಕ್ಕೆ ದೇಶ ಸಿದ್ಧವಿಲ್ಲ, ಹಾಗೆ ಸಿದ್ಧವಿದ್ದದ್ದು ಶೀತಲ ಸಮರದ ಕಾಲದಲ್ಲಿ ಎನ್ನುವುದು ಅದರ ತೀರ್ಮಾನ.

ಇನ್ನು ನಮಗೇನು ಎಂಬ ಪ್ರಶ್ನೆ. ಬೆಂಗಳೂರಿಗೆ ಇದರ ಬಿಸಿ ನೇರವಾಗಿಯೇ ತಟ್ಟಿದೆ. ಎಚ್‌ಎಎಲ್‌ಗೆ 83 ತೇಜಸ್ ಮಾರ್ಕ್-1ಎ ವಿಮಾನಗಳ ಆರ್ಡರು ಬಂದದ್ದು 2021ರ ಫೆಬ್ರುವರಿಯಲ್ಲಿ. ಅದಕ್ಕೆ ಬೇಕಾದ 99 ಎಫ್-404 ಎಂಜಿನ್‌ಗಳಿಗೆ ಅದೇ ವರ್ಷ ಅಮೆರಿಕದ ಜಿಇ ಕಂಪನಿಯೊಂದಿಗೆ 71.6 ಕೋಟಿ ಡಾಲರಿನ ಒಪ್ಪಂದವಾಯಿತು. ಆ ಮಾದರಿಯ ಎಂಜಿನ್ನಿನ ಸಾಲನ್ನು ಜಿಇ, ಭಾರತದ ಹಿಂದಿನ ಆರ್ಡರು ಮುಗಿದ ಮೇಲೆ, ಸುಮಾರು ಐದು ವರ್ಷ ನಿಲ್ಲಿಸಿತ್ತು. ಮತ್ತೆ ಚಾಲೂ ಮಾಡಲು ಹೋದರೆ ಬಿಡಿಭಾಗ ಕೊಡುತ್ತಿದ್ದವರು ಬೇರೆ ಕೆಲಸ ಹಿಡಿದಿದ್ದರು. ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ನಿಲ್ಲದ ವಿಮಾನಗಳು ಎಚ್‌ಎಎಲ್ ಹ್ಯಾಂಗರಿನಲ್ಲಿ ಸಾಲಾಗಿ ನಿಂತವು, ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ತೇಜಸ್ ತಡವಾಗಲು ಎಂಜಿನ್ ಒಂದೇ ಕಾರಣವಲ್ಲ, ನಮ್ಮ ಕಡೆಯ ಸಾಫ್ಟ್‌ವೇರ್ ಮತ್ತು ಪ್ರಮಾಣೀಕರಣದ ಕೆಲಸಗಳೂ ಹಿಂದೆ ಬಿದ್ದಿದ್ದವು. ಆದರೂ ಗಮನಿಸಿ: ಇಲ್ಲಿ ಬಿಟ್ಟು ಬಿಟ್ಟು ಆರ್ಡರು ಕೊಟ್ಟ ಗಿರಾಕಿ ನಾವೇ. 2025ರ ನವೆಂಬರ್‌ನಲ್ಲಿ ಇನ್ನೂ 113 ಎಂಜಿನ್‌ಗಳಿಗೆ ಒಪ್ಪಂದ ಮಾಡಿಕೊಂಡದ್ದರಿಂದ ಆ ಸಾಲು ಈ ಸಲ ನಿಲ್ಲದೆ ಓಡಬಹುದು.

ಅಮೆರಿಕ ಸುಮ್ಮನೆ ಕೂತಿಲ್ಲ. ಕ್ಷಿಪಣಿಗಳಿಗೆ ಹಲವು ವರ್ಷದ ಆರ್ಡರನ್ನು ಒಟ್ಟಿಗೆ ಕೊಡಲು 2022ರ ಕೊನೆಯಲ್ಲಿ ಸಂಸತ್ತು ಅನುಮತಿ ಕೊಟ್ಟಿತು. ನನ್ನ ಮಟ್ಟಿಗೆ ಇದುವರೆಗೆ ಮಾಡಿದ್ದರಲ್ಲಿ ಅದೇ ಅತ್ಯಂತ ಕೆಲಸಕ್ಕೆ ಬರುವ ಬದಲಾವಣೆ. ಹಳೆಯ ಫಿಲಡೆಲ್ಫಿಯಾ ಕಟ್ಟೆಯನ್ನು 2024ರ ಡಿಸೆಂಬರ್‌ನಲ್ಲಿ ಕೊರಿಯಾದ ಹನ್ವಾ ಕಂಪನಿ 10 ಕೋಟಿ ಡಾಲರಿಗೆ ಕೊಂಡಿದೆ. ಹಡಗು ಕಟ್ಟುವುದನ್ನು ಮರೆತವರಿಗೆ ಬಲ್ಲವರು ಬಂದು ಕಲಿಸಬೇಕಾದ ಕಾಲ. ಡ್ರೋನ್ ಬಂದ ಮೇಲೆ ಇದೆಲ್ಲ ಹಳೆಯ ಚಿಂತೆ ಎನ್ನುವವರೂ ಇದ್ದಾರೆ. ಉಕ್ರೇನ್ 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಡ್ರೋನ್ ಮಾಡಿದ್ದಾಗಿ ಹೇಳಿಕೊಂಡಿದೆ, ನಿಜ. ಆದರೆ ಅವುಗಳ ಮೋಟರು, ಬ್ಯಾಟರಿ, ಆಯಸ್ಕಾಂತ ಬಹುಪಾಲು ಬರುವುದು ಎಲ್ಲಿಂದ ಎಂದು ನೋಡಿದರೆ ಮತ್ತೆ ಚೀನಾದ ಶೆನ್‌ಝೆನ್‌ಗೇ ಹೋಗಿ ನಿಲ್ಲುತ್ತೇವೆ.

ಮುಂದೆ ಈ ವಿಷಯದ ಸುದ್ದಿ ಓದುವಾಗ ಬಜೆಟ್ಟಿನ ಮೊತ್ತ, ಘೋಷಣೆ, ಹೊಸ ಹಡಗಿನ ಚಿತ್ರ ಇವನ್ನು ದಾಟಿ ನಾಲ್ಕು ಅಂಕಿ ಹುಡುಕಿ. ತಿಂಗಳಿಗೆ ನಿಜವಾಗಿ ತುಂಬಿ ಹೊರಬಿದ್ದ 155 ಎಂಎಂ ಶೆಲ್ ಎಷ್ಟು, ಬರೀ ಕವಚದ ಲೆಕ್ಕ ಬೇಡ. ವರ್ಷಕ್ಕೆ ಕೈಸೇರಿದ ಪಿಎಸಿ-3 ಎಷ್ಟು. ವರ್ಜೀನಿಯಾ ದರ್ಜೆಯ 1.2 ಎನ್ನುವ ಸರಾಸರಿ ಎರಡರ ಕಡೆ ಹೊರಟಿದೆಯೇ. ಮತ್ತು ಕೆಂಟಕಿಯ ಆ ಕಾರ್ಖಾನೆಯಿಂದ ಮೊದಲ ಟಿಎನ್‌ಟಿ ಹೇಳಿದಂತೆ 2028ರ ಹೊತ್ತಿಗೆ ಬರುತ್ತದೆಯೇ. ಕಡೆಯದರ ಬಗ್ಗೆ ನನಗೆ ಅಷ್ಟೇನೂ ಭರವಸೆಯಿಲ್ಲ. ಸ್ಫೋಟಕ ಕಾರ್ಖಾನೆಗಳು ಗಡುವಿಗೆ ಮುಗಿದದ್ದು ಅಲ್ಲಿ ಅಪರೂಪ.